ಬ್ಯಾನರಿಗೆ ಬಿಗಿದ ಕೇಬಲ್

ಗೆಳೆಯರೇ, ಇವತ್ತು ನಮ್ಮ ಬಾಗಲಕೋಟೆ ಕಾಲೇಜಿನಲ್ಲಿ ಅಳಬೇಕೋ ಬೈಯಬೇಕೋ ನನಗೆ ತಿಳಿಯಲಿಲ್ಲ.

ನಾಳೆ ನಾನು ನೋಡಿಕೊಳ್ಳುವ ಗಣಕಯಂತ್ರ ಕೇಂದ್ರದ ಉದ್ಘಾಟನೆ. ಬೆಂಗಳೂರಿನವರು ಬಳಸಿ ಬಿಟ್ಟ ಹಳೆಯ ವರ್ಕ್‌ಸ್ಟೇಷನ್ ಗಣಕಯಂತ್ರಗಳು ನಮಗೆ ಬಂದಿವೆ. ಅವಕ್ಕೆ ಜೀವ ಕೊಡುವ ಆಪರೇಟಿಂಗ್ ಸಿಸ್ಟಂ ಇರುವುದು ಟೇಪಿನಲ್ಲಿ; ಟೇಪ್ ಓದುವ ಸಾಧನ ಇರುವುದು ಒಂದಕ್ಕೆ ಮಾತ್ರ. ಉಳಿದವಕ್ಕೆ ಆ ಒಂದರಿಂದಲೇ ಕೇಬಲ್ ಮೂಲಕ ಹೋಗಬೇಕು. ವಾರವೆಲ್ಲ ಮೇಜುಗಳ ಕೆಳಗೆ ಮೊಣಕಾಲೂರಿ ಆ ಕೇಬಲ್ ಎಳೆದಿದ್ದೆ. ಮಧ್ಯಾಹ್ನ ಊಟ ಮಾಡಿ ಬಂದು ಶುರು ಮಾಡಿದರೆ ಒಂದೂ ಯಂತ್ರ ಉತ್ತರ ಕೊಡಲಿಲ್ಲ. ಬಗ್ಗಿ ನೋಡಿದೆ. ಕೇಬಲ್ಲೇ ಇಲ್ಲ!

ಹೊರಗೆ ಗೇಟಿನ ಬಳಿ ಆಫೀಸ್ ಸೂಪರಿಂಟೆಂಡೆಂಟರು ಉದ್ಘಾಟನೆಯ ಬ್ಯಾನರ್ ಕಟ್ಟಿಸುತ್ತಿದ್ದರು. ಕಟ್ಟಿದ್ದು ನನ್ನ ಕೇಬಲಿನಿಂದ, ತುಂಡು ತುಂಡು ಮಾಡಿ.

“ಇದನ್ಯಾಕ ಕತ್ತರಿಸಿದ್ರಿ?” ಎಂದು ಕೂಗಿದೆ.

“ಟೆಸ್ಟರ್ ಹಚ್ಚಿ ನೋಡೀನ್ರಿ ಮೇಡಂ. ಕರೆಂಟ್ ಇರಲಿಲ್ಲ. ಸುಮ್ನ ಬಿದ್ದೈತಿ ಅಂತ ತಗೊಂಡೆ.”

“ಅದರಾಗ ಕರೆಂಟ್ ಅಲ್ರಿ, ಮಾಹಿತಿ ಹೋಗತೈತಿ!”

“ಮದ್ಲ ಹೇಳಬಾರದೇನ್ರಿ? ಆದ್ರ ಭಾಳ ಗಟ್ಟಿ ಐತಿ ಬಿಡ್ರಿ, ಎಂಥಾ ಗಾಳಿಗೂ ಹರಿಯಂಗಿಲ್ಲ.”

ಅಂಥ ಕೇಬಲ್ ಹುಬ್ಬಳ್ಳಿಯಲ್ಲೂ ಸಿಗುವುದಿಲ್ಲ. ಪ್ರಾಚಾರ್ಯರ ಕೋಣೆಗೆ ಓಡಿ, ಕಾರ್ಯಕ್ರಮ ಮುಂದೂಡಿ ಎಂದು ಬೇಡಿಕೊಂಡೆ. ಅವರು ಕನ್ನಡಕ ಒರೆಸುತ್ತ ಕೇಳಿದರು.

“ಒಂದ್ ಮಷೀನ್ ಚಾಲೂ ಐತಲ್ರಿ? ಉದ್ಘಾಟನೆಗೆ ಬರೋ ಸಾಹೇಬರಿಗೆ ಅದನ್ನ ತೋರಸ್ರಿ. ಉಳಿದವಕ್ಕ ಹಾರ ಹಾಕಿ ಊದಿನಕಡ್ಡಿ ಹಚ್ರಿ.”

ಸಂಜೆ ಹೂವಿನವಳಿಗೆ ಹಾರ ಹೇಳಿ ಮನೆಗೆ ಬಂದೆ. ಇನ್ನೂ ಜೀವವೇ ಬರದವಕ್ಕೆ ಹಾರ ಹಾಕಿ ಊದಿನಕಡ್ಡಿ ಹಚ್ಚುವುದು ನಮ್ಮ ಕಾಲೇಜಿನಲ್ಲೇ ಮೊದಲಿರಬೇಕು.