ಗಡಿ ದಾಟದ ಕರಿಬೇವಿನ ಗಿಡ

2001ನೇ ಇಸವಿ. ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಎವರ್‌ಗ್ರೀನ್ ಬಡಾವಣೆಯಲ್ಲಿ ನಮ್ಮ ಅಪಾರ್ಟ್‌ಮೆಂಟು. ನಮ್ಮ ಯಜಮಾನರು ರಮೇಶ್ ದುಡಿಯುತ್ತಿದ್ದ ಕಂಪನಿಯೂ ಮುಚ್ಚಿತು. ಬೇಗ ಬೇರೆ ಕೆಲಸ ಸಿಗದಿದ್ದರೆ ವೀಸಾ ಹೋಗಿ ಮಂಡ್ಯಕ್ಕೆ ಗಂಟುಮೂಟೆ ಕಟ್ಟಬೇಕಿತ್ತು. ಹುಡುಕಿ ಹುಡುಕಿ ಸಿಕ್ಕಿದ್ದು ಒಂದೇ ಕೆಲಸ. ಅರಿಜೋನಾದ ಮರುಭೂಮಿಯ ಪುಟ್ಟ ಊರೊಂದರ ಆಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು. ಉತ್ತರ ಹೇಳಲು ಎರಡು ವಾರ ಕೊಟ್ಟಿದ್ದರು.

ನನಗೆ ಸುತರಾಂ ಇಷ್ಟವಿರಲಿಲ್ಲ. ಎವರ್‌ಗ್ರೀನ್‌ನಲ್ಲಿ ಸಂಜೆ ಸುಮ್ಮನೆ ನಡೆದು ಬಂದರೂ ನಾಲ್ಕು ಜನ ಕನ್ನಡದಲ್ಲಿ ಮಾತಾಡಿಸುತ್ತಿದ್ದರು. ಆ ಮರಳುಗಾಡಿನಲ್ಲಿ ಯಾರ ಮುಖ ನೋಡಲಿ? ಆದರೆ ಕೆಲಸವಿಲ್ಲದೆ ಕೂತ ಗಂಡನಿಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಮೊದಲು ಊರು ನೋಡಿ ಬರೋಣ ಎಂದೆ.

ಹೊರಡುವಾಗ ಕರಿಬೇವಿನ ಕುಂಡವನ್ನೂ ಕಾರಿಗೆ ಹತ್ತಿಸಿದೆ. ಎವರ್‌ಗ್ರೀನ್‌ನಲ್ಲೇ ಇದ್ದ ಹಾಸನದ ಪದ್ಮಕ್ಕ ಕೊಟ್ಟಿದ್ದ ಸಸಿ ಅದು. ಆಗ ನಮ್ಮಲ್ಲಿ ಕರಿಬೇವಿನ ಗಿಡವೆಂದರೆ ಮನೆಮಗುವಿದ್ದ ಹಾಗೆ. ಚಳಿಗಾಲದಲ್ಲಿ ರಾತ್ರಿ ಒಳಗೆ, ಹಗಲು ಹೊರಗೆ. ಯಾರಾದರೂ ಕೇಳಿದರೆ ನಾನು ಎಲೆ ಎಣಿಸಿ ಕೊಡುತ್ತಿದ್ದೆ.

“ಮೂರು ದಿನದಲ್ಲಿ ಇದು ಅಲ್ಲಿ ಬಾಡಿಹೋದ್ರೆ ನಾನು ಆ ಊರಿಗೆ ಬರಲ್ಲ,” ಎಂದೆ.

“ಆಯ್ತು ಕಣೇ, ಗಿಡ ಹೇಳಿದ ಹಾಗೇ ಆಗ್ಲಿ,” ಎಂದು ಇವರು ನಕ್ಕರು.

ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅಲ್ಲಿದ್ದ ಮೂರು ದಿನವೂ ನಾನು ಬೇಕೆಂದೇ ಅದಕ್ಕೆ ಒಂದು ಹನಿ ನೀರು ಹಾಕಲಿಲ್ಲ. ನಾವು ತಂಗಿದ್ದ ಮೋಟೆಲಿನ ಒಡತಿ ಮೇರಿ, ಎಪ್ಪತ್ತರ ಅಜ್ಜಿ, ಬಂದ ದಿನವೇ ಗಿಡದ ಹೆಸರು ಕೇಳಿ, ಎಲೆ ಮೂಸಿ ನೋಡಿ ಹೋಗಿದ್ದರು. ಅಷ್ಟು ಬಿಸಿಲಿಗೂ ಗಿಡ ಜಗ್ಗಲಿಲ್ಲ. ಹೊರಡುವ ಬೆಳಿಗ್ಗೆ ಐದು ವರ್ಷದ ಮಗಳು ಅನು, “ಮಮ್ಮಿ, ಇಟ್ ಲೈಕ್ಸ್ ಇಟ್ ಹಿಯರ್,” ಎಂದಾಗ ನನಗೆ ಉರಿದುಹೋಯಿತು. ಮೂರು ದಿನ ಏನೇನೂ ಸಾಲದು ಎಂದು ಕಾರಿನಲ್ಲಿ ವಾದ ಶುರು ಮಾಡಿದೆ.

ಒಂದು ಗಂಟೆಯ ದಾರಿ ಸಾಗಿದ ಮೇಲೆ ಕ್ಯಾಲಿಫೋರ್ನಿಯಾ ಗಡಿ ಬಂತು. ಹೋಗುವಾಗ ನಮ್ಮನ್ನು ಯಾರೂ ತಡೆದಿರಲಿಲ್ಲ. ಒಳಗೆ ಬರುವಾಗ ಮಾತ್ರ, ಹುಳು ರೋಗ ಹರಡಬಾರದೆಂದು, ಹಣ್ಣು ಗಿಡಗಳನ್ನು ತಪಾಸಣೆ ಮಾಡುತ್ತಾರೆಂಬುದು ನಮಗೆ ತಿಳಿದಿರಲಿಲ್ಲ. ಈ ಗಿಡ ಸ್ಯಾನ್ ಹೋಸೆಯದೇ ಎಂದು ಬೇಡಿಕೊಂಡೆ. ಅಧಿಕಾರಿ ಸಮಾಧಾನದಿಂದಲೇ ಕೇಳಿಸಿಕೊಂಡು, ನೀವು ಮೂವರೂ ಹೋಗಬಹುದು, ಗಿಡ ಮಾತ್ರ ಬರುವಂತಿಲ್ಲ, ಇಲ್ಲಿ ಬಿಟ್ಟರೆ ನಾಶಮಾಡುತ್ತೇವೆ ಎಂದರು.

ಮೂರು ದಿನ ನೀರು ಕೊಡದ ನಾನು ಕುಂಡ ತೊಡೆಯ ಮೇಲಿಟ್ಟುಕೊಂಡು ಅಳತೊಡಗಿದೆ. ಇವರು ಕಾರು ತಿರುಗಿಸಿದರು. ಮತ್ತೆ ಅದೇ ಊರು, ಅದೇ ಮೋಟೆಲು. ಮೇರಿ ಕುಂಡ ಇಸಿದುಕೊಂಡು ವರಾಂಡಾದ ನೆರಳಿನಲ್ಲಿಟ್ಟರು. ಬಿಕ್ಕುತ್ತಿದ್ದ ನನ್ನನ್ನು ಕೂರಿಸಿ ಕಾಫಿ ಕೊಟ್ಟರು.

ಗಿಡವನ್ನು ಅವರ ಬಳಿಯೇ ಬಿಟ್ಟು ಸ್ಯಾನ್ ಹೋಸೆಗೆ ಮರಳಿ ಒಂದು ವಾರ ಕಳೆಯಿತು. ಉತ್ತರ ಹೇಳಲು ಒಂದೇ ದಿನ ಉಳಿದಿತ್ತು. ಆಗ ಮೇರಿಯ ಫೋನು ಬಂತು. ಗಿಡ ಚಿಗುರಿದೆ, ಒಂದೆರಡು ಎಲೆ ಸೂಪಿಗೆ ಹಾಕಬೇಕೆಂದು ಆಸೆ, ನಿಮ್ಮನ್ನು ಕೇಳದೆ ಕೀಳಲು ಮನಸ್ಸಾಗಲಿಲ್ಲ ಎಂದರು. ಎಣಿಸದೆ ಎಷ್ಟು ಬೇಕಾದರೂ ಕಿತ್ತುಕೊಳ್ಳಿ ಎಂದೆ. ಯಾರ ಮುಖ ನೋಡಲಿ ಎಂದಿದ್ದೆನಲ್ಲ, ಆ ಊರಿನಲ್ಲಿ ನನಗೂ ಒಂದು ಮುಖ ಸಿಕ್ಕಿತ್ತು.

ಫೋನಿಟ್ಟು ಇವರಿಗೆ, “ಹೋಗೋಣ ರೀ,” ಎಂದೆ. ನೀರು ಹಾಕದೆ ಇದ್ದದ್ದನ್ನೂ ಒಪ್ಪಿಕೊಂಡೆ.

“ಗೊತ್ತಿತ್ತು. ನೀನು ಸ್ನಾನಕ್ಕೆ ಹೋದಾಗ ದಿನಾ ಒಂದು ಲೋಟ ನಾನೇ ಹಾಕ್ತಿದ್ದೆ,” ಎಂದರು ಇವರು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಆ ಊರಿನಲ್ಲಿ ಏಳು ವರ್ಷ ಸಂತೋಷವಾಗಿದ್ದೆವು. ಎವರ್‌ಗ್ರೀನ್‌ಗೆ ಮರಳುವಾಗ ಗಿಡ ಮೇರಿಯ ವರಾಂಡಾದಲ್ಲೇ ಉಳಿಯಿತು. ಮೋಸ ಮಾಡಿಯೂ ಸೋತೆನಲ್ಲ, ಆ ಸೋಲು ನೆನೆದರೆ ಇವತ್ತಿಗೂ ಖುಷಿ. ಹೊರಡುವ ದಿನ ಗಿಡಕ್ಕೆ ಬುಡ ತುಂಬ ನೀರು ಹಾಕಿದವಳು ನಾನೇ.