ಯುಪಿಎಸ್‌ಗೆ ಬಾಯಾದ ದುರುಗಕ್ಕ

ಈಗಷ್ಟೇ ಬೆಳಕು ಹರಿಯುತ್ತಿದೆ. ರಾಯದುರ್ಗದ ಕಡೆಯ ಹೆರಿಗೆ ಆಸ್ಪತ್ರೆಯೊಂದರಲ್ಲಿ ಆಯಾ ದುರುಗಕ್ಕ ಪೊರಕೆ ಹಿಡಿಯುವ ಮುನ್ನ ಮೆಟ್ಟಿಲ ಕೆಳಗಿನ ಕಪಾಟು ತೆರೆದು ಬಗ್ಗಿ ನೋಡುತ್ತಾರೆ. ಒಳಗಿರುವ ಯುಪಿಎಸ್‌ನಲ್ಲಿ ಹಸಿರು ದೀಪ ಕಂಡರೆ ಸೆರಗಿನಿಂದ ದೂಳು ಒರೆಸುತ್ತಾರೆ. ಪಕ್ಕದ ಮೊಳೆಗೆ ನೇತುಹಾಕಿದ, ಅಂಚು ನೆಗ್ಗಿದ ಊಟದ ಗಂಗಾಳವನ್ನು ಒಮ್ಮೆ ಮುಟ್ಟುತ್ತಾರೆ. ಕಸ ಗುಡಿಸುವುದೆಲ್ಲ ಆಮೇಲೆ.

ಕರೆಂಟು ಹೋದ ಕ್ಷಣವೇ ಬ್ಯಾಟರಿಯಿಂದ ಕರೆಂಟು ಕೊಡುವುದು ಆ ಪೆಟ್ಟಿಗೆಯ ಕೆಲಸ. ತೂಕ ಕಮ್ಮಿಯಿರುವ ಕೂಸುಗಳನ್ನು ಬೆಚ್ಚಗಿಡುವ ಯಂತ್ರ ನಿಲ್ಲದೆ ನಡೆಯುವುದು ಅದರಿಂದಲೇ. ಹೊರೆ ಹೆಚ್ಚಾದರೆ ಅದು ಕೂಗುತ್ತದೆ, ಬ್ಯಾಟರಿ ಇಳಿದರೂ ಕೂಗುತ್ತದೆ. ಕೂಗಲೆಂದೇ ಅದನ್ನು ಹಾಗೆ ಮಾಡಿದ್ದಾರೆ. ಆದರೆ ಮ್ಯಾನೇಜರ್ ರಂಗನಾಥ್ ಅವರಿಗೆ ಆ ಕೂಗು ತಲೆನೋವು. ತಮ್ಮ ಕೋಣೆಯ ಏಸಿಯನ್ನು ಅದೇ ಲೈನಿಗೆ ಸೇರಿಸಿಕೊಂಡವರೂ ಅವರೇ. ಯುಪಿಎಸ್ ಕೂಗಿದಾಗ ಏಸಿ ತೆಗೆಸಲಿಲ್ಲ, ಕೂಗನ್ನೇ ತೆಗೆಸಿದರು. ಇಂಥ ಬುದ್ಧಿಗೆ ಏನೆನ್ನಬೇಕು!

“ಅದರ ಬಾಯಿ ಮುಚ್ಚಿಸ್ಯಾರ್ರಿ” ಎನ್ನುತ್ತಾರೆ ದುರುಗಕ್ಕ. “ಸಾಹೇಬ್ರಿಗೆ ತಂಪು ಬೇಕು, ಕೂಸಿಗೆ ಬೆಚ್ಚಗ ಬೇಕು. ಪಾಪ, ಒಂದಾ ಪೆಟಗಿ ಇಬ್ಬರಿಗೂ ಎಲ್ಲಿಂದ ತರಬೇಕ್ರಿ?”

ಅವರದು ಏಜೆನ್ಸಿ ಮೂಲಕ ಬಂದ ಕೆಲಸ, ಇವತ್ತು ಉಂಟು, ನಾಳೆ ಹೇಳಲಾಗದು. ಕಪಾಟು ನೋಡು ಎಂದು ಯಾರೂ ಅವರಿಗೆ ಹೇಳಿಲ್ಲ. ಅವರ ಚೊಚ್ಚಲ ಕೂಸು ಗುಡಿಸಲಲ್ಲೇ ಹುಟ್ಟಿ, ಮೈ ಬೆಚ್ಚಗಾಗದೆ ಹೋಯಿತು. “ತಣ್ಣಗಾಗೋದು ಅಂದ್ರ ಏನಂತ ಈ ಕೈಗೆ ಗೊತ್ತೈತ್ರಿ” ಎಂದು ಅಂಗೈ ತೋರಿಸುತ್ತಾರೆ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ. ಭುವನಾ ಎಂಬ ಬಾಣಂತಿಯ ಹೆಣ್ಣುಕೂಸು ದಿನ ತುಂಬುವ ಮುಂಚೆಯೇ ಹುಟ್ಟಿ ಆ ಯಂತ್ರದಲ್ಲಿ ಮಲಗಿತ್ತು. ಕರೆಂಟು ಹೋಗಿತ್ತು, ಜನರೇಟರ್ ಹಚ್ಚುವವನು ಊಟಕ್ಕೆ ಹೋಗಿದ್ದ, ಏಸಿ ಮಾತ್ರ ಬ್ಯಾಟರಿ ಹೀರುತ್ತಲೇ ಇತ್ತು. ಕಪಾಟಿನಲ್ಲಿ ಕೆಂಪು ದೀಪ ಕಂಡ ದುರುಗಕ್ಕ ಓಡಿಹೋಗಿ ಮ್ಯಾನೇಜರ್ ಬಾಗಿಲು ತಟ್ಟಿದರು. ಒಳಗೆ ಮೀಟಿಂಗ್, ಆಮೇಲೆ ಬಾ ಎಂದರು! ದುರುಗಕ್ಕ ತಮ್ಮ ಊಟದ ಗಂಗಾಳ ತಗೊಂಡು ಸೌಟಿನಿಂದ ಬಡಿಯತೊಡಗಿದರು.

ಇವರ ಕೇರಿಗಳಲ್ಲಿ ಗಂಗಾಳ ಬಡಿಯುವುದು ಗಂಡು ಹುಟ್ಟಿದಾಗ ಮಾತ್ರ. ಜಗುಲಿಯಲ್ಲಿದ್ದ ಬಂಧುಗಳೆಲ್ಲ ಎದ್ದು ನಿಂತರು. “ಯಾರಿಗವ್ವಾ ಗಂಡಾತು?” ಎನ್ನುತ್ತಾ ಸಣ್ಣಕ್ಕ ಎಂಬ ಮುದುಕಿ ಗಂಟು ಬಿಚ್ಚಿ ಸಿಕ್ಕಸಿಕ್ಕವರ ಬಾಯಿಗೆ ಸಕ್ಕರೆ ಹಾಕತೊಡಗಿದಳು. ಬೈಯಲೆಂದು ಹೊರಬಂದ ಮ್ಯಾನೇಜರ್ ಬಾಯಿಗೂ ಬಿತ್ತು. ಅದೇ ಗದ್ದಲಕ್ಕೆ ಓಡಿಬಂದ ನರ್ಸ್ ನಾಗವೇಣಿ ಕೆಂಪು ದೀಪ ನೋಡಿ ಏಸಿ ಆರಿಸಿದರು. ಅಷ್ಟರಲ್ಲಿ ಕೂಸಿನ ಯಂತ್ರ ನಿಂತೇಬಿಟ್ಟಿತ್ತು. ಜನರೇಟರ್ ಹತ್ತುವವರೆಗೆ ನಾಗವೇಣಿ ಕೂಸನ್ನು ತಾಯಿಯ ಎದೆಗೆ ಒತ್ತಿ ಹೊದಿಸಿ ಕೂತರು. ಕೂಸು ಉಳಿಯಿತು.

ಮಾರನೇ ದಿನ ಮೆಮೊ ಬಂತು. ಏಸಿ ಹಾಕಿಸಿದವರಿಗಲ್ಲ, ಕೂಗು ತೆಗೆಸಿದವರಿಗಲ್ಲ, ದುರುಗಕ್ಕನಿಗೆ! ಆಸ್ಪತ್ರೆಯಲ್ಲಿ ಗದ್ದಲ ಮಾಡಿ ಜನರಲ್ಲಿ ಮೂಢನಂಬಿಕೆ ಹರಡಿದರಂತೆ. ಇನ್ನೊಮ್ಮೆ ಬಡಿದರೆ ಕೆಲಸ ಹೋಗುತ್ತದಂತೆ. ಏಸಿ ಇವತ್ತಿಗೂ ಅದೇ ಲೈನಿನಲ್ಲಿದೆ. ಯುಪಿಎಸ್ ಇವತ್ತಿಗೂ ಮೂಗಿ. ನಾಚಿಕೆಯಾಗಬೇಕಾದವರು ತಣ್ಣಗೆ ಕೂತಿದ್ದಾರೆ.

ಏನು ಬೇಕು ನಿಮಗೆ ಎಂದರೆ ದುರುಗಕ್ಕ ಪೊರಕೆ ಗೋಡೆಗೆ ಒರಗಿಸುತ್ತಾರೆ. “ನನಗೇನು ಬ್ಯಾಡ್ರಿ. ಅದರ ಬಾಯಿ ಅದಕ ಕೊಡ್ರಿ, ನಾ ಸುಮ್ಮಗಾಗ್ತೀನಿ.”

ಅಲ್ಲಿಯವರೆಗೆ? ಕೆಲಸ ಹೋದರೆ?

“ಹೋದ್ರ ಹೋಗಲಿ. ಗಂಡು ಹುಟ್ಟಿದ್ರ ಎಲ್ಲಾರೂ ಬಡೀತಾರ್ರಿ” ಎಂದು ಮೊಳೆಯ ಮೇಲಿನ ಗಂಗಾಳ ನೇರಮಾಡುತ್ತಾರೆ. “ಹೆಣ್ಣುಕೂಸಿಗೆ ಬಡದಾಕಿ ನಾನಾ.”