ನನಗಿಂತ ಮುಂದೆ ಹೋದ ಮಂಕಿ ಕ್ಯಾಪು

ದೆವ್ವ, ಶಕುನ, ಪವಾಡ ಇವುಗಳನ್ನು ನಾನು ಎಂದೂ ನಂಬಿದವನಲ್ಲ. ತುಮಕೂರಿನ ಒಂದು ಹೈಸ್ಕೂಲಿನಲ್ಲಿ ನಿವೃತ್ತಿಯಾಗುವವರೆಗೂ ಡ್ರಿಲ್ ಮೇಷ್ಟ್ರಾಗಿದ್ದೆ. ಬೆಳಿಗ್ಗೆ ಐದಕ್ಕೆ ಏಳುವುದು, ತಣ್ಣೀರಿನ ಸ್ನಾನ, ನಡಿಗೆ, ಆಮೇಲೆ ಕಾಫಿ. ಈ ಕ್ರಮ ಮಗಳ ಮದುವೆಯ ದಿನವೂ ತಪ್ಪಿರಲಿಲ್ಲ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಬಂದರೆ, ಹಿಂದಿನ ರಾತ್ರಿ ಏನು ಊಟ ಮಾಡಿದ್ದಿರಿ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕುಳಿತಿದ್ದೇನೆ. ನೀವೂ ಅದೇ ಪ್ರಶ್ನೆ ಕೇಳಬಹುದು. ಉತ್ತರ ಸಿದ್ಧವಾಗಿದೆ: ಚಪಾತಿ, ಹೆಸರುಕಾಳಿನ ಪಲ್ಯ, ಮಜ್ಜಿಗೆ.

ಜಪಾನಿನಲ್ಲಿ ಆ ದೊಡ್ಡ ಭೂಕಂಪವಾಗಿ ಕೆಲವು ವರ್ಷ ಕಳೆದಿದ್ದವು. ನಮ್ಮ ಮಗಳು ರಶ್ಮಿ ಆಗ ಅಲ್ಲಿನ ವಾಕೋ ಎಂಬ ಊರಿನಲ್ಲಿದ್ದಳು. ಅಳಿಯನಿಗೆ ಅಲ್ಲಿನ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ನಾನೂ ನನ್ನ ಹೆಂಡತಿ ಸರೋಜಳೂ ಮೂರು ತಿಂಗಳಿಗೆಂದು ಹೋಗಿದ್ದೆವು. ಆ ದೇಶ ನನಗೆ ಮೊದಲ ದಿನವೇ ಹಿಡಿಸಿತು. ರೈಲಿನ ಬಾಗಿಲು ಪ್ಲಾಟ್‌ಫಾರಂ ಮೇಲೆ ಬಳಿದ ಗೆರೆಗೆ ಸರಿಯಾಗಿ ಬಂದು ನಿಲ್ಲುವುದನ್ನು ನೋಡುವುದಕ್ಕೆಂದೇ ನಾನು ಸ್ಟೇಷನ್ನಿಗೆ ಹೋಗಿಬರುತ್ತಿದ್ದೆ. ಸರೋಜಳಿಗೆ ಹಿಡಿಸಿದ್ದು ಜನ. ಊರಿನ ಆಡಳಿತದವರು ಪರದೇಶದವರಿಗಾಗಿ ನಡೆಸುವ ವಾರದ ಪಾಠಕ್ಕೆ ಹೋಗಿ, ಮಿಕ್ಕ ಹೊತ್ತು ಟಿವಿ ನೋಡಿ, ಅವಳು ಮುರುಕು ಜಪಾನಿಯಲ್ಲಿ ಎಲ್ಲರೊಂದಿಗೆ ಹರಟುವಷ್ಟು ಕಲಿತಳು. ನನಗೆ ಕ್ಷಮಿಸಿ ಎನ್ನಲು ಸುಮಿಮಾಸೆನ್, ಥ್ಯಾಂಕ್ಸ್ ಎನ್ನಲು ಅರಿಗಾತೋ, ಎರಡೇ ಸಾಕಾಗಿದ್ದವು.

ಆ ಟಿವಿಯಲ್ಲೇ ಅವಳು ಕಾಕಿ ಹಣ್ಣು ಒಣಗಿಸುವುದನ್ನು ನೋಡಿದ್ದು. ನೋಡಲು ಟೊಮ್ಯಾಟೊ ಹಣ್ಣಿನ ಹಾಗಿರುವ ಈ ಹಣ್ಣನ್ನು ಚಳಿಗಾಲಕ್ಕೆ ಮುಂಚೆ ಸಿಪ್ಪೆ ಹೆರೆದು, ದಾರಕ್ಕೆ ಕಟ್ಟಿ, ಮನೆಯ ಸೂರಿನ ಕೆಳಗೆ ಸಾಲುಸಾಲಾಗಿ ತೂಗುಬಿಡುತ್ತಾರೆ. ಹಪ್ಪಳ ಸಂಡಿಗೆಯಲ್ಲಿ ಕೈ ಪಳಗಿದ ಸರೋಜ ಅದನ್ನು ಕಣ್ಣಾರೆ ನೋಡಲೇಬೇಕೆಂದು ಹಟ ಹಿಡಿದಳು. ಊರಿಗೆ ಮರಳಿದ ಮೇಲೆ ಅವಳ ಬಲ ಮಂಡಿಯ ಆಪರೇಷನ್ ಆಗಬೇಕಿತ್ತು. "ಆಪರೇಷನ್ ಆದ್ಮೇಲೆ ಹೇಗಿರ್ತೀನೋ ಏನೋ. ಇದೇ ಕಾಲಲ್ಲಿ ಒಂದ್ಸಲ ನಡೆದು ನೋಡ್ಬಿಡ್ತೀನಿ" ಎಂದಳು.

ರಶ್ಮಿಗೆ ಇಷ್ಟವಿರಲಿಲ್ಲ. "ವೀಕೆಂಡ್ ತನಕ ತಡ್ಕೊಳಮ್ಮ, ಕಾರಲ್ಲಿ ಕರ್ಕೊಂಡ್ ಹೋಗ್ತೀವಿ."

"ಕೂತ್ಕೊಂಡ್ ನೋಡೋಕೆ ನಿಮ್ಮನೆ ಟಿವಿ ಇದೆಯಲ್ಲೇ."

ಕೊನೆಗೆ ಮಗಳೇ ಒಂದು ಜಾಗ ಹುಡುಕಿಕೊಟ್ಟಳು. ರೈಲಿನಲ್ಲಿ ಪಶ್ಚಿಮದ ಬೆಟ್ಟಗಳ ಕಡೆಗೆ ಹೋದರೆ ಒಂದು ಪುಟ್ಟ ಪಟ್ಟಣ. ಅಲ್ಲಿಂದ ಹೊಳೆಯ ಪಕ್ಕದ ದಾರಿಯಲ್ಲಿ ಮೇಲಕ್ಕೆ ನಡೆದರೆ ಕಾಕಿ ಬೆಳೆಯುವ ಹಳ್ಳಿ. ಹಳ್ಳಿಯಾಚೆಯ ರಸ್ತೆಯಿಂದ ಸ್ಟೇಷನ್ನಿಗೆ ಮರಳಲು ನಾಲ್ಕು ಗಂಟೆಗೆ ಕೊನೆಯ ಬಸ್ಸು. "ಅಪ್ಪ, ಆ ಬಸ್ ಮಿಸ್ ಆದ್ರೆ ಮುಗೀತು. ಇಲ್ಲಿ ಬಸ್ಸು ಯಾರಿಗೂ ಕಾಯಲ್ಲ. ಅಲ್ಲಿ ಟ್ಯಾಕ್ಸಿ ಇಲ್ಲ, ಸಿಗ್ನಲ್ಲೂ ಸಿಗಲ್ಲ. ಆ ಚಳೀಲಿ, ಕತ್ಲಲ್ಲಿ ಅಮ್ಮನ್ನ ಹೇಗ್ ಕರ್ಕೊಂಡ್ ಬರ್ತೀರ?" ಎಂದು ಎಚ್ಚರಿಸಿದಳು. ನಾನು ಯಾವ ಬಸ್ಸನ್ನೂ ತಪ್ಪಿಸಿಕೊಂಡವನಲ್ಲ ಎಂದೆ. ಆಗ ಅವಳ ಕಣ್ಣು ನನ್ನ ತಲೆಯ ಮೇಲೆ ಹೋಯಿತು. ಸರೋಜ ಹೆಣೆದ ಕೆಂಗಂದು ಬಣ್ಣದ ಮಂಕಿ ಕ್ಯಾಪು ಹಾಕಿಕೊಂಡಿದ್ದೆ. ಕೊನೆಯಲ್ಲಿ ಉಲ್ಲನ್ ಸಾಲದೆ, ನೆತ್ತಿಯ ಗೊಂಡೆಯನ್ನು ಅವಳು ಗಿಳಿಹಸಿರು ನೂಲಿನಲ್ಲಿ ಮಾಡಿದ್ದಳು. "ಪ್ಲೀಸ್ ಅಪ್ಪ. ಇಡೀ ಜಪಾನಲ್ಲಿ ಈ ಕ್ಯಾಪ್ ಹಾಕೋರು ನೀವೊಬ್ರೇ" ಎಂದಳು ರಶ್ಮಿ. ನಾನು ತೆಗೆಯಲಿಲ್ಲ. ಕಿವಿಗೆ ಬೆಚ್ಚಗಿರುತ್ತದೆ.

ಪಟ್ಟಣ ಸೊಗಸಾಗಿತ್ತು. ಮರದ ಮುಂಗಟ್ಟಿನ ಹಳೆಯ ಅಂಗಡಿಗಳು, ಗುಡಿಸಿ ಇಟ್ಟಂಥ ಬೀದಿ, ಒಂದು ಸೈಕಲ್ ರಿಪೇರಿ ಅಂಗಡಿ. ಪ್ರತಿ ಮನೆಯ ಮುಂದೂ ನೇರವಾಗಿ ಜೋಡಿಸಿಟ್ಟ ಹೂಕುಂಡಗಳು. ಶಾಲೆಯ ಮೈದಾನದಲ್ಲಿ ಮಕ್ಕಳು ಸಾಲಾಗಿ ನಿಂತು ಕವಾಯತು ಮಾಡುತ್ತಿದ್ದುದನ್ನು ಕಂಡು, ಬೇಲಿಯ ಹೊರಗೆ ನಿಂತಿದ್ದ ನಾನೂ ಸಾವಧಾನದ ಭಂಗಿಗೆ ಬಂದೆ. "ರೀ, ರಿಟೈರ್ ಆಗಿದೀರ, ಬನ್ನಿ" ಎಂದು ಸರೋಜ ಕೋಟಿನ ತೋಳು ಹಿಡಿದೆಳೆದಳು.

ಇಲ್ಲಿ ನನ್ನ ನಡಿಗೆಯ ಬಗ್ಗೆ ಒಂದು ಮಾತು ಹೇಳಬೇಕು. ಅದು ಮೊದಲಿನಿಂದಲೂ ಬಿರುಸು. ಎಲ್ಲಿಗೆ ಹೋದರೂ ನಾನು ಮುಂದೆ, ಸರೋಜ ಹಿಂದೆ. ತಿರುವು ಬಂದಾಗ ನಿಲ್ಲುತ್ತೇನೆ, ಅವಳು ಕಣ್ಣಿಗೆ ಬಿದ್ದ ಮೇಲೆ ಮತ್ತೆ ಹೊರಡುತ್ತೇನೆ. ಆ ದಿನ ಮಾತ್ರ ಅವಳ ಮಂಡಿಯ ಕಾರಣಕ್ಕೆ ಅವಳ ಪಕ್ಕದಲ್ಲೇ, ಅವಳ ಹೆಜ್ಜೆಗೆ ನನ್ನ ಹೆಜ್ಜೆ ಹೊಂದಿಸಿ ನಡೆದೆ. ಡ್ರಿಲ್ ಮೇಷ್ಟ್ರಿಗೆ ಇದಕ್ಕಿಂತ ಕಷ್ಟದ ಕವಾಯತು ಇನ್ನೊಂದಿಲ್ಲ.

ಪಟ್ಟಣ ಮುಗಿಯುವಲ್ಲಿ ಸೋಯಾ ಹಾಲಿನ ಪನೀರಿನಂಥ ತೋಫು ಮಾರುವ ಒಂದು ಅಂಗಡಿ, ಮುಂದೆ ಒಂದು ಬೆಂಚು. ಒಳಗಿಂದ ಬಂದ ಅಜ್ಜಿ ನನ್ನನ್ನು ನೋಡಿ ಪರಿಚಯದವಳಂತೆ ನಕ್ಕು, ಎರಡು ಬಟ್ಟಲು ಚಹಾ ತಂದಿಟ್ಟು ಏನೋ ಹೇಳಿದಳು. ಸರೋಜ ಇನ್ನೊಮ್ಮೆ ಕೇಳಿಸಿಕೊಂಡು ಜೋರಾಗಿ ನಕ್ಕಳು.

"ಈ ಸಲ ಹೆಂಡ್ತೀನೂ ಕರ್ಕೊಂಡ್ ಬಂದ್ರಾ ಅಂತಾರೆ ಕಣ್ರೀ. ಆಗ್ಲೇ ನೀವೊಬ್ರೇ ಈ ಕಡೆ ಹೋದ್ರಂತೆ. ಬಹಳ ಜೋರಾಗಿ ನಡೀತಿದ್ರಂತೆ."

"ಅವರಿಗೆ ನಾವೆಲ್ಲ ಒಂದೇ ಥರ ಕಾಣ್ತೀವಿ" ಎಂದೆ.

"ಟೋಪೀನೂ ಇದೇ ಅಂತೆ."

"ಹಾಗಾದ್ರೆ ಬೆಂಗಳೂರು ಕಡೆ ಮಾವ ಯಾರೋ ಮಗಳ ಮನೆಗೆ ಬಂದಿರ್ಬೇಕು."

ನಿಜ ಹೇಳುತ್ತೇನೆ, ನನಗೆ ಸಂತೋಷವೇ ಆಯಿತು. ಪರದೇಶದ ಹೊಳೆಯ ದಂಡೆಯ ಮೇಲೆ ಮಂಕಿ ಕ್ಯಾಪು ಹಾಕಿಕೊಂಡು ಬಿರುಸಾಗಿ ನಡೆಯುವವನು ನಮ್ಮ ಕಡೆಯವನಲ್ಲದೆ ಇನ್ನಾರು? ಎಲ್ಲಿಯಾದರೂ ಕೂತು ಸುಧಾರಿಸಿಕೊಳ್ಳುತ್ತಿದ್ದರೆ ಮಾತಾಡಿಸೋಣ ಎಂದು ದಾರಿಯುದ್ದಕ್ಕೂ ನೋಡುತ್ತ ಹೋದೆ. ಯಾರೂ ಸಿಗಲಿಲ್ಲ. ನನ್ನನ್ನು ಒಬ್ಬ ಹಿಂದೆ ಹಾಕಿದ್ದಾನಲ್ಲ ಎಂದು ಸ್ವಲ್ಪ ಹೊಟ್ಟೆಯುರಿಯೂ ಆಯಿತು.

ಹಳ್ಳಿ ತಲುಪಿದಾಗ ಸರೋಜ ರಸ್ತೆಯ ನಡುವೆಯೇ ನಿಂತುಬಿಟ್ಟಳು. ಒಂದು ದೊಡ್ಡ ಮನೆಯ ಸೂರಿನ ಕೆಳಗೆ ಈ ತುದಿಯಿಂದ ಆ ತುದಿಯವರೆಗೆ ಹಣ್ಣುಗಳ ಪರದೆ, ಹಿಂದಿನ ಗೋಡೆಯೂ ಕಾಣದ ಹಾಗೆ. ಬಿಸಿಲು ಬಿದ್ದು ಅಂಗಳವೆಲ್ಲ ಕಿತ್ತಳೆ ಬಣ್ಣವಾಗಿತ್ತು. ಮನೆಯಾಕೆ ಒಳಕ್ಕೆ ಕರೆದಳು. ಸರೋಜ ಜಗಲಿಯ ಮೇಲೆ ಕುಳಿತು ಚಾಕು ಕೇಳಿ ಪಡೆದು, ಹೆರೆಯಲೂ ಶುರು ಮಾಡಿದಳು. ಇಬ್ಬರೂ ಅಕ್ಕತಂಗಿಯರಂತೆ ನಗುತ್ತಿದ್ದರು. ನಾನು ಗಡಿಯಾರ ತೋರಿಸಿದೆ. ಇನ್ನೊಂದು ಹಣ್ಣು ಎಂದಳು. ಮತ್ತೆ ತೋರಿಸಿದೆ. "ಆ ಗಡಿಯಾರ ತೆಗೆದು ಜೇಬಲ್ಲಿಡಿ" ಎಂದಳು. ಅವಳ ಮುಖದಲ್ಲಿ ಅಷ್ಟು ಗೆಲುವನ್ನು ಕಂಡು ಬಹಳ ದಿನವಾಗಿತ್ತು. ನಾನು ನಿಜವಾಗಿಯೂ ಜೇಬಿನಲ್ಲಿಟ್ಟೆ.

ಹೊರಟಾಗ ತಡವಾಗಿತ್ತು. ಬಿಸಿಲು ಬೆಟ್ಟದ ಹಿಂದೆ ಸರಿದು ಗಾಳಿ ಕೊರೆಯತೊಡಗಿತ್ತು. ಸ್ಟೇಷನ್ನಿನಲ್ಲಿ ಸಿಕ್ಕಿದ್ದ ಹಳೆಯ ನಕ್ಷೆಯಲ್ಲಿ ಒಂದು ಕವಲು ಕಾಣಿಸಿತು. ಎಡಕ್ಕೆ ಹೋಗಿ ತೂಗುಸೇತುವೆ ದಾಟಿದರೆ ಬಸ್ ನಿಲ್ದಾಣ ಹತ್ತಿರ, ಬಲಕ್ಕೆ ಬೆಟ್ಟ ಬಳಸಿ ಹೋದರೆ ಬಹಳ ದೂರ. ನಾನು ಎಡಕ್ಕೆ ತಿರುಗಿದೆ. ಹೊಲದಲ್ಲಿ ಮೂಲಂಗಿ ಕೀಳುತ್ತಿದ್ದ ಮುದುಕನೊಬ್ಬ ಕೂಗಿ, ಎರಡು ಕೈಗಳನ್ನೂ ಕತ್ತರಿಯಂತೆ ಅಡ್ಡ ಹಿಡಿದು ಬೇಡವೆಂದು ತೋರಿಸಿದ. ಆಮೇಲೆ ಬಲಗಡೆಯ ದಾರಿಯತ್ತ ಬೆರಳು ಮಾಡಿ, ತನ್ನ ತಲೆ ಮುಟ್ಟಿಕೊಂಡು ನಕ್ಕ.

"ಏನಂತೆ?"

"ಈಗ ತಾನೆ ಬಲಕ್ಕೆ ಹೋದೋರು ಮತ್ತೆ ಇಲ್ಲಿಗೆ ಹೇಗ್ ಬಂದ್ರಿ ಅಂತಾರೆ" ಎಂದಳು ಸರೋಜ. ಈ ಸಲ ಅವಳು ನಗಲಿಲ್ಲ.

ಬಲಕ್ಕೆ ಹೋದೆವು. ಏರು ಬಂದೊಡನೆ ಅವಳ ಮಂಡಿ ಬಿಗಿಯಿತು. ಹತ್ತು ಮಾರು ನಡೆಯುವುದು, ನಿಲ್ಲುವುದು. ಇದೇ ವೇಗದಲ್ಲಿ ಹೋದರೆ ಬಸ್ಸು ಸಿಗುವುದಿಲ್ಲವೆಂದು ನನಗೆ ಖಚಿತವಾಯಿತು. ನಾನೊಬ್ಬನೇ ಓಡಿದರೆ ಸಿಗುತ್ತದೆ. ಬಸ್ಸಿನ ಮುಂದೆ ನಿಂತು ಅಂಗೈ ಎತ್ತಿ ಹಿಡಿದರೆ ಯಾವ ಡ್ರೈವರಾದರೂ ನಿಲ್ಲಿಸಲೇಬೇಕು. ಇಡೀ ಹೈಸ್ಕೂಲನ್ನು ಆ ಒಂದು ಕೈಯಿಂದ ನಿಲ್ಲಿಸುತ್ತಿದ್ದೆ. ನನ್ನ ಮನಸ್ಸು ಓದಿದವಳಂತೆ ಸರೋಜ, "ನೀವು ಮುಂದೆ ಹೋಗಿ ನಿಲ್ಸಿ. ನಾನು ಮೆಲ್ಲಗೆ ಬರ್ತೀನಿ" ಎಂದು ದಾರಿ ಬದಿಯ ಕಲ್ಲಿನ ಮೇಲೆ ಕುಳಿತಳು.

ನಾಲ್ಕು ಹೆಜ್ಜೆ ಹೋದೆ. ತಿರುಗಿ ನೋಡಿದೆ. ಎರಡು ಕಡೆಯೂ ಕಪ್ಪಾಗುತ್ತಿದ್ದ ಮರಗಳು, ನಡುವೆ ಸೆರಗನ್ನು ಕಿವಿಗೆ ಸುತ್ತಿಕೊಂಡು ಮಂಡಿ ಒತ್ತಿಕೊಳ್ಳುತ್ತಿದ್ದ ಅವಳು. ನನ್ನ ಮೈಯೆಲ್ಲ ಮುಂದಕ್ಕೆ ಓಡಬೇಕೆಂದು ಎಳೆಯಿತು. ಹೋಗಲಿಲ್ಲ. ಹಿಂದಕ್ಕೆ ಬಂದು ಅವಳ ಕೈ ನನ್ನ ತೋಳಿಗೆ ಸಿಕ್ಕಿಸಿಕೊಂಡೆ. "ಹೋದ್ರೆ ಹೋಗ್ಲಿ ಬಸ್ಸು. ಹಳ್ಳಿಗೆ ವಾಪಸ್ ಹೋಗಿ ರಾತ್ರಿಯೆಲ್ಲ ಹಣ್ಣು ಹೆರೆಯೋಣ" ಎಂದೆ. ಅವಳಿಗೆ ನಗು ಬಂತು. ನಗುತ್ತಲೇ ಎದ್ದಳು.

ಬೆಟ್ಟದ ತಿರುವು ದಾಟಿದಾಗ ನಾಲ್ಕು ಹೊಡೆದು ಚೆನ್ನಾಗಿಯೇ ಹೊತ್ತಾಗಿತ್ತು. ಕೆಳಗೆ ದೀಪ ಹಾಕಿಕೊಂಡು, ಬಾಗಿಲು ತೆರೆದುಕೊಂಡು ಬಸ್ಸು ನಿಂತಿತ್ತು.

ಬಿಳಿ ಕೈಗವಸಿನ ಡ್ರೈವರು ಕೆಳಗಿಳಿದು ನಮ್ಮ ದಾರಿ ನೋಡುತ್ತಿದ್ದ. ನನಗೆ ತಲೆ ಬಾಗಿಸಿ, ಸರೋಜಳಿಗೆ ಕೈ ಕೊಟ್ಟು ಹತ್ತಿಸಿದ. ಒಳಗೆ ಮುದುಕಿಯರಿಬ್ಬರು ಸಮಾಧಾನದ ಉಸಿರು ಬಿಟ್ಟು, ಅವಳ ಕೈಗೆ ಕಿತ್ತಳೆ ಹಣ್ಣು ಇಟ್ಟರು. ಸರೋಜ ಬಸ್ಸಿಗೆ ಯಾಕೆ ತಡವಾಯಿತೆಂದು ಕೇಳಿದಳು. ಡ್ರೈವರು ಅಚ್ಚರಿಯಿಂದ ನನ್ನನ್ನೇ ನೋಡಿದ. ಆಮೇಲೆ ಕೈ ಮುಂದಕ್ಕೆ ಚಾಚಿ, ಅಂಗೈ ನೆಟ್ಟಗೆ ಎತ್ತಿ ಹಿಡಿದು ತೋರಿಸಿದ. ಬೆರಳು ಕೂಡಿಸಿ, ಮೊಣಕೈ ಬಗ್ಗಿಸದೆ. ಅದು ನಾನು ಶಾಲೆಯಲ್ಲಿ ಹಿಡಿಯುತ್ತಿದ್ದ ಕೈ.

ಸರೋಜ ತಡವರಿಸುತ್ತ ಒಂದೊಂದೇ ಮಾತು ಕನ್ನಡಕ್ಕೆ ತಂದಳು. ನಾನು ಓಡಿಬಂದು ಬಸ್ಸಿನ ಮುಂದೆ ನಿಂತೆನಂತೆ. ಮಾತಾಡಲಿಲ್ಲವಂತೆ. ಬೆಟ್ಟದ ದಾರಿ ತೋರಿಸಿ, ಮಂಡಿ ತಟ್ಟಿಕೊಂಡು, ಹೆಂಡತಿಯನ್ನು ಕರೆತರಲು ಅದೇ ದಾರಿಯಲ್ಲಿ ಹಿಂದಕ್ಕೆ ಓಡಿದೆನಂತೆ. ಈಗ ಕರೆತಂದಿದ್ದೇನೆ. ಅವರ ಪಾಲಿಗೆ ಅದರಲ್ಲಿ ವಿಶೇಷವೇನೂ ಇರಲಿಲ್ಲ. ಒಬ್ಬ ಮುದುಕಿ ಹಿಂದಿನ ಸೀಟಿನಿಂದ ಬಾಗಿ, ನನ್ನ ನೆತ್ತಿಯ ಹಸಿರು ಗೊಂಡೆಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ, ಇದು ಕುಣಿಯುವುದನ್ನು ಕಿಟಕಿಯಿಂದ ನೋಡಿದೆ ಎಂದಳು. ತೂಗುಸೇತುವೆಯ ಬಗ್ಗೆಯೂ ಅವಳೇ ಹೇಳಿದ್ದು. ಭೂಕಂಪದಲ್ಲಿ ಅದರ ಕಂಬ ವಾಲಿದ್ದರಿಂದ ಆಮೇಲೆ ಕಳಚಿಹಾಕಿದರಂತೆ. ನಾವು ಎಡಕ್ಕೆ ಹೋಗಿದ್ದರೆ ಬರಿಯ ಕಮರಿಯ ಅಂಚಿಗೆ ತಲುಪುತ್ತಿದ್ದೆವು.

ಬೆಟ್ಟದ ದಾರಿ ಒಂದೇ. ಅದರಲ್ಲಿ ನಮಗೆ ಎದುರಾಗಿ ಯಾರೂ ಬರಲಿಲ್ಲ.

ರಶ್ಮಿ ಕೇಳಿ ಮೊದಲು ನಂಬಲಿಲ್ಲ. ಅವಳಿಗೆ ಟೋಪಿಯ ವಿಷಯಕ್ಕಿಂತ ಬಸ್ಸಿನ ವಿಷಯವೇ ಅಸಾಧ್ಯವೆನಿಸಿತು. "ಕಾಯ್ತಾ? ಜಪಾನ್ ಬಸ್ಸಾ?" ಎಂದು ಮತ್ತೆ ಮತ್ತೆ ಕೇಳಿದಳು. ಮುಂದಿನ ವಾರ ಅವಳೇ ಕಾರಿನಲ್ಲಿ ಕರೆದೊಯ್ದು ಎಲ್ಲರನ್ನೂ ವಿಚಾರಿಸಿದಳು. ತೋಫು ಅಜ್ಜಿ, ಮೂಲಂಗಿಯ ಮುದುಕ ಇಬ್ಬರೂ ನನ್ನನ್ನೇ ತೋರಿಸಿದರು. ಆ ಕಡೆ ಬೇರೆ ಭಾರತೀಯರನ್ನು ಅವರು ಎಂದೂ ಕಂಡಿರಲಿಲ್ಲ. ವಾಪಸು ಬರುವಾಗ ರಶ್ಮಿ, "ಅಪ್ಪ, ಆ ಕ್ಯಾಪ್ ಜೋಪಾನವಾಗಿಟ್ಕೊಳ್ಳಿ" ಎಂದಳು.

ಸರೋಜಳ ಆಪರೇಷನ್ ಚೆನ್ನಾಗಿ ಆಯಿತು. ಈಗ ದಿನಾ ಬೆಳಿಗ್ಗೆ ಇಬ್ಬರೂ ಕೆರೆ ಏರಿಯ ಮೇಲೆ ನಡೆಯುತ್ತೇವೆ. ನಾನು ಬಲ್ಲ ವಿವರಣೆಗಳನ್ನೆಲ್ಲ ಅವಳ ಮುಂದೆ ಇಟ್ಟು ನೋಡಿದ್ದೇನೆ. ಯಾವುದೂ ನಿಲ್ಲುವುದಿಲ್ಲ. ಮೊನ್ನೆ ಮತ್ತೆ, ನಮಗಿಂತ ಮುಂದೆ ಹೋದವನು ಯಾರಿರಬಹುದೆಂದು ಮಾತು ತೆಗೆದೆ.

"ಅದ್ರಲ್ಲಿ ಗೊತ್ತಾಗದೇ ಇರೋದೇನಿದೆ?" ಎಂದಳು. "ಮುಂದೆ ಹೋದೋರು ನೀವೇ. ಮದುವೆ ಆದಾಗಿಂದ ಮುಂದೇನೇ ಹೋಗ್ತಿರೋದು. ಕಲ್ಲಿನ ಹತ್ರ ವಾಪಸ್ ಬಂದು ನನ್ ಕೈ ಹಿಡ್ಕೊಂಡ್ರಲ್ಲ, ಅವರು ಯಾರು, ಅದನ್ನ ಹೇಳಿ."